ಮರೆವಿಗೆ ಮದ್ದಲ್ಲ ವಿಟಮಿನ್ ಡಿ

ವಿಟಮಿನ್ ಡಿ ಕಡಿಮೆಯಾದರೆ ವಯಸ್ಸಾದವರ ಮೆದುಳು ಮಂಕಾಗುತ್ತದೆ, ಮಾತ್ರೆ ನುಂಗಿ ಅದನ್ನು ಏರಿಸಿಕೊಂಡರೆ ಮರೆವಿನ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ಬೆಂಗಳೂರಿನ ಮನೆಗಳಲ್ಲಿ ಆಳವಾಗಿ ಬೇರೂರಿದೆ. ದೊಮ್ಮಲೂರಿನಂಥ ಬಡಾವಣೆಗಳಲ್ಲಿ ಅದರ ಬಲ ಎದ್ದು ಕಾಣುತ್ತದೆ. ಎಚ್‌ಎಎಲ್, ಸೇನೆ, ಬ್ಯಾಂಕು, ಸರ್ಕಾರಿ ಕಚೇರಿಗಳಿಂದ ನಿವೃತ್ತರಾದ ಅನೇಕರು ಇಲ್ಲಿ, ಪಕ್ಕದ ಇಂದಿರಾನಗರದಲ್ಲಿ, ಹಲಸೂರಿನಲ್ಲಿ ನೆಲೆಸಿದ್ದಾರೆ. ಮಕ್ಕಳು ಹೊರದೇಶದಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಉಳಿದಿರುವ ಮನೆಗಳು ಕಡಿಮೆಯಿಲ್ಲ. ವರ್ಷಕ್ಕೊಮ್ಮೆ ‘ಫುಲ್ ಬಾಡಿ ಚೆಕಪ್’ ಮಾಡಿಸುವುದು, ಲ್ಯಾಬ್ ವರದಿಯಲ್ಲಿ ವಿಟಮಿನ್ ಡಿ ಎದುರಿನ ಅಂಕಿ ‘ಲೋ’ ಎಂಬ ಗುರುತಿನೊಂದಿಗೆ ಬರುವುದು, ವಾರಕ್ಕೊಂದರಂತೆ 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲ್ ಶುರುವಾಗುವುದು, ಅಜ್ಜಿ ಹೆಸರುಗಳನ್ನು ಮರೆಯುವುದಕ್ಕೂ ಅದೇ ಕಾರಣವೆಂದು ಮನೆಯವರು ಸಮಾಧಾನ ಪಟ್ಟುಕೊಳ್ಳುವುದು ಈಗ ವಾಡಿಕೆ.

ಈ ನಂಬಿಕೆಯೊಳಗೆ ಮೂರು ಮಾತುಗಳು ಬೆರೆತಿವೆ. ವಿಟಮಿನ್ ಡಿ ಕೊರತೆ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ಕಾರಣ ಎಂಬುದು ಮೊದಲನೆಯದು. ಮಾತ್ರೆಯಿಂದ ಅದರ ಮಟ್ಟ ಏರಿಸಿದರೆ ನೆನಪಿನ ಶಕ್ತಿ ಉಳಿಯುತ್ತದೆ ಎಂಬುದು ಎರಡನೆಯದು. ಆದ್ದರಿಂದ ಅರವತ್ತು ದಾಟಿದವರೆಲ್ಲ ರಕ್ತ ಪರೀಕ್ಷೆ ಮಾಡಿಸಿ, ಅಂಕಿ ಮಿಲಿಲೀಟರಿಗೆ 30 ನ್ಯಾನೊಗ್ರಾಂ ದಾಟುವವರೆಗೆ ದೊಡ್ಡ ಪ್ರಮಾಣದ ಡೋಸ್ ತೆಗೆದುಕೊಳ್ಳಬೇಕು ಎಂಬುದು ಮೂರನೆಯದು. ಮೊದಲ ಮಾತಿಗೆ ಪುರಾವೆ ಸಾಲದು. ಎರಡನೆಯದನ್ನು ದೊಡ್ಡ ಪ್ರಯೋಗಗಳು ಒರೆಗೆ ಹಚ್ಚಿ ನೋಡಿವೆ, ಅದು ನಿಂತಿಲ್ಲ. ಮೂರನೆಯದರಿಂದ ಹಾನಿಯೂ ಇದೆ. ಮೂರನ್ನೂ ಬಿಡಿಬಿಡಿಯಾಗಿ ಪರಿಶೀಲಿಸಿದರೆ ಇದು ಸ್ಪಷ್ಟವಾಗುತ್ತದೆ.

ವಿಟಮಿನ್ ಡಿ ಎಂಬುದು ಹೆಸರಿಗೆ ವಿಟಮಿನ್, ಕೆಲಸದಲ್ಲಿ ಹಾರ್ಮೋನು. ಬಿಸಿಲಿನಲ್ಲಿರುವ ಅತಿನೇರಳೆ-ಬಿ ಕಿರಣಗಳು ಚರ್ಮದಲ್ಲಿರುವ ಕೊಲೆಸ್ಟರಾಲ್ ಜಾತಿಯ ವಸ್ತುವೊಂದನ್ನು ವಿಟಮಿನ್ ಡಿ3 ಆಗಿ ಬದಲಿಸುತ್ತವೆ. ಯಕೃತ್ತು ಅದನ್ನು 25-ಹೈಡ್ರಾಕ್ಸಿ ವಿಟಮಿನ್ ಡಿ ಆಗಿ ಮಾರ್ಪಡಿಸುತ್ತದೆ. ಲ್ಯಾಬುಗಳು ಅಳೆಯುವುದು ಇದನ್ನೇ. ಮೂತ್ರಪಿಂಡದಲ್ಲಿ ಅದು ಇನ್ನೊಂದು ಬದಲಾವಣೆ ಹೊಂದಿ ಕ್ರಿಯಾಶೀಲ ಹಾರ್ಮೋನು ಆಗುತ್ತದೆ. ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆ ಹೆಚ್ಚಿಸುವುದು, ಮೂಳೆ ಗಟ್ಟಿಯಾಗಿರುವಂತೆ ನೋಡಿಕೊಳ್ಳುವುದು ಇದರ ಮುಖ್ಯ ಕೆಲಸ. ತೀವ್ರ ಕೊರತೆಯಾದರೆ ಮಕ್ಕಳಿಗೆ ರಿಕೆಟ್ಸ್, ದೊಡ್ಡವರಿಗೆ ಮೂಳೆ ಮೆತ್ತಗಾಗುವ ರೋಗ ಬರುತ್ತದೆ. ಇದರಲ್ಲಿ ಯಾವ ವಿವಾದವೂ ಇಲ್ಲ.

ಮೆದುಳಿನ ವಿಚಾರಕ್ಕೆ ಬಂದದ್ದು ಹೇಗೆ? ಈ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳು ಮಾನವನ ಮೆದುಳಿನಲ್ಲೂ ಇವೆ ಎಂದು ಗೊತ್ತಾಯಿತು. ಇಲಿಗಳಲ್ಲಿ ನಡೆಸಿದ ಅಧ್ಯಯನಗಳು ನರಕೋಶಗಳ ರಕ್ಷಣೆಯಲ್ಲಿ ಅದರ ಪಾತ್ರವಿರಬಹುದೆಂದು ಸೂಚಿಸಿದವು. ಇಷ್ಟಕ್ಕೆ ಮನುಷ್ಯರ ಸಮೀಕ್ಷೆಗಳು ಜೊತೆಗೂಡಿದವು. ಅಮೆರಿಕದ 1,658 ಹಿರಿಯರನ್ನು ಸರಾಸರಿ 5.6 ವರ್ಷ ಅನುಸರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಟಮಿನ್ ಡಿ ಮಟ್ಟ ಮಿಲಿಲೀಟರಿಗೆ 10 ನ್ಯಾನೊಗ್ರಾಂಗಿಂತ ಕಡಿಮೆಯಿದ್ದವರಲ್ಲಿ ಡಿಮೆನ್ಷಿಯಾ ಸಾಧ್ಯತೆ ಎರಡು ಪಟ್ಟಿಗೂ ಮೀರಿತ್ತು. 2023ರ ಇನ್ನೊಂದು ಅಧ್ಯಯನ ಅಮೆರಿಕದ 12,388 ಜನರ ದಾಖಲೆಗಳನ್ನು ನೋಡಿ, ವಿಟಮಿನ್ ಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಡಿಮೆನ್ಷಿಯಾ ಶೇಕಡಾ 40ರಷ್ಟು ಕಡಿಮೆ ಎಂದಿತು. ವಾಟ್ಸಾಪ್ ಸಂದೇಶಗಳಲ್ಲಿ, ಆರೋಗ್ಯ ಅಂಕಣಗಳಲ್ಲಿ, ಮಾತ್ರೆಗಳ ಜಾಹೀರಾತುಗಳಲ್ಲಿ ಹರಿದಾಡುವುದು ಇಂಥ ಅಂಕಿಗಳೇ.

ಈ ಅಂಕಿಗಳು ಸುಳ್ಳಲ್ಲ. ಅವುಗಳಿಂದ ಹೊರಡಿಸುವ ತೀರ್ಮಾನ ತಪ್ಪು. ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ವಿಟಮಿನ್ ಡಿ ಮಟ್ಟ ಕಡಿಮೆಯಿರುವ ಎಪ್ಪತ್ತೈದರ ವ್ಯಕ್ತಿ ಸಾಮಾನ್ಯವಾಗಿ ಮನೆಯಿಂದ ಹೊರಗೆ ಹೋಗುವುದು ಕಡಿಮೆ, ನಡೆಯುವುದು ಕಡಿಮೆ, ಜನರೊಂದಿಗೆ ಬೆರೆಯುವುದು ಕಡಿಮೆ. ಮಂಡಿನೋವು, ಸಕ್ಕರೆ ಕಾಯಿಲೆ, ಬೊಜ್ಜು, ಮೂತ್ರಪಿಂಡದ ತೊಂದರೆ ಇರುವ ಸಾಧ್ಯತೆ ಹೆಚ್ಚು. ಇವುಗಳಲ್ಲಿ ಹಲವು ತಾವಾಗಿಯೇ ಮೆದುಳಿಗೆ ಕೆಡುಕು ಮಾಡುವಂಥವು. ಬೊಜ್ಜಿದ್ದಾಗ ವಿಟಮಿನ್ ಡಿ ಕೊಬ್ಬಿನಲ್ಲಿ ಹಂಚಿಹೋಗಿ ರಕ್ತದಲ್ಲಿ ಕಡಿಮೆ ಕಾಣುತ್ತದೆ. ದೇಹದಲ್ಲಿ ಉರಿಯೂತವಿದ್ದಾಗಲೂ ರಕ್ತದ ಮಟ್ಟ ಇಳಿಯುತ್ತದೆ. ಹೀಗಾಗಿ ಕಡಿಮೆ ಅಂಕಿಯು ಅನಾರೋಗ್ಯದ ಫಲವಾಗಿರಬಹುದು.

ಕಾಲದ ಕ್ರಮ ಇನ್ನೂ ಮುಖ್ಯ. ಅಲ್ಝೈಮರ್ ಕಾಯಿಲೆ ಮೆದುಳಿನಲ್ಲಿ ಆರಂಭವಾಗುವುದು ಲಕ್ಷಣ ಕಾಣುವುದಕ್ಕೆ ಹತ್ತು ಹದಿನೈದು ವರ್ಷ ಮೊದಲು. ಆ ಅವಧಿಯಲ್ಲೇ ವ್ಯಕ್ತಿಯ ಉತ್ಸಾಹ ಕುಗ್ಗುತ್ತದೆ. ದಿನಾ ದೇವಸ್ಥಾನಕ್ಕೆ, ಪಾರ್ಕಿಗೆ ಹೋಗುತ್ತಿದ್ದವರು ನಿಲ್ಲಿಸುತ್ತಾರೆ, ಊಟ ಸಪ್ಪೆಯಾಗುತ್ತದೆ, ಬಿಸಿಲು ಸೋಕುವುದು ತಪ್ಪುತ್ತದೆ. ಐದಾರು ವರ್ಷದ ಅಧ್ಯಯನವೊಂದು ಈ ಹಂತದಲ್ಲಿ ರಕ್ತ ತೆಗೆದುಕೊಂಡರೆ, ಕಾಯಿಲೆಯಿಂದ ಬಂದ ಕೊರತೆಯನ್ನು ಕಾಯಿಲೆಯ ಕಾರಣವೆಂದು ಬರೆದುಕೊಳ್ಳುವ ಅಪಾಯವಿದೆ. ಮಾತ್ರೆ ತೆಗೆದುಕೊಳ್ಳುವವರ ಅಧ್ಯಯನದ ದೋಷ ಇದಕ್ಕೆ ತಿರುಗುಮುರುಗು. ತಾವಾಗಿಯೇ ವಿಟಮಿನ್ ಕೊಂಡು ನುಂಗುವವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು, ಬಿಪಿ ಶುಗರ್ ತಪಾಸಣೆ ತಪ್ಪಿಸದವರು. ಅವರ ಮೆದುಳು ಚೆನ್ನಾಗಿದ್ದರೆ ಆ ಕೀರ್ತಿ ಮಾತ್ರೆಗೆ ಸಲ್ಲಬೇಕಿಲ್ಲ. ಅಂಕಿಅಂಶ ತಜ್ಞರು ಈ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಲು ಯತ್ನಿಸುತ್ತಾರೆ. ಅಳೆಯದೆ ಬಿಟ್ಟ ವ್ಯತ್ಯಾಸವನ್ನು ಯಾವ ಲೆಕ್ಕವೂ ಸರಿದೂಗಿಸಲಾರದು.

ವೈದ್ಯಕೀಯ ಇತಿಹಾಸದಲ್ಲಿ ಈ ಬಗೆಯ ಮೋಸ ಹೊಸದಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಮಹಿಳೆಯರಲ್ಲಿ ಡಿಮೆನ್ಷಿಯಾ ಕಡಿಮೆ ಎಂದು ಇಂಥವೇ ಸಮೀಕ್ಷೆಗಳು ವರ್ಷಗಟ್ಟಲೆ ಹೇಳಿದವು. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಮೆರಿಕದ ಪ್ರಯೋಗ ಚೀಟಿ ಎತ್ತಿದ ಹಾಗೆ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನು, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿತು. 65 ದಾಟಿದ ಮಹಿಳೆಯರಲ್ಲಿ ಎರಡು ಹಾರ್ಮೋನುಗಳ ಜೋಡಿ ಮಾತ್ರೆ ಡಿಮೆನ್ಷಿಯಾ ಸಾಧ್ಯತೆಯನ್ನು ದುಪ್ಪಟ್ಟು ಮಾಡಿತ್ತು ಎಂದು 2003ರಲ್ಲಿ ಪ್ರಕಟವಾಯಿತು. ಸಮೀಕ್ಷೆ ತೋರಿಸಿದ್ದ ರಕ್ಷಣೆ ಪ್ರಯೋಗದಲ್ಲಿ ಹಾನಿಯಾಗಿ ತಿರುಗಿತು. ಈ ಪಾಠದ ನಂತರವೂ ಬರಿಯ ಸಮೀಕ್ಷೆಯ ಬಲದ ಮೇಲೆ ಇನ್ನೊಂದು ಹಾರ್ಮೋನನ್ನು ಮೆದುಳಿನ ಮದ್ದೆಂದು ಹಂಚುವುದಕ್ಕೆ ಸಮರ್ಥನೆಯಿಲ್ಲ.

ವಿಟಮಿನ್ ಡಿ ವಿಷಯದಲ್ಲಿ ಅಂಥ ಪ್ರಯೋಗಗಳು ಆಗಲೇ ನಡೆದಿವೆ. ಅದೇ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್‌ನಲ್ಲಿ 65 ದಾಟಿದ 4,143 ಮಹಿಳೆಯರಿಗೆ ಕ್ಯಾಲ್ಸಿಯಂ ಜೊತೆಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಅಥವಾ ಔಷಧವಿಲ್ಲದ ಮಾತ್ರೆ ಕೊಡಲಾಯಿತು. ಸರಾಸರಿ 7.8 ವರ್ಷದ ನಂತರ ವಿಟಮಿನ್ ಪಡೆದವರಲ್ಲಿ 39 ಮಂದಿಗೆ, ಪಡೆಯದವರಲ್ಲಿ 37 ಮಂದಿಗೆ ಡಿಮೆನ್ಷಿಯಾ ಬಂದಿತ್ತು. ವ್ಯತ್ಯಾಸವೇ ಇಲ್ಲ. ಡೋಸ್ ಸಾಲದಾಯಿತು ಎಂಬ ಆಕ್ಷೇಪ ಬಂತು. ಅಮೆರಿಕದ 25,871 ಜನರನ್ನು ಒಳಗೊಂಡ ‘ವೈಟಲ್’ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹಿರಿಯರ ನೆನಪು, ಯೋಚನಾಶಕ್ತಿಗಳನ್ನು ಎರಡು ಮೂರು ವರ್ಷ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಬಂತು. ಒಟ್ಟಾರೆ ಯಾವ ಪ್ರಯೋಜನವೂ ಕಾಣಲಿಲ್ಲ. ಕಪ್ಪು ವರ್ಣದವರ ಸಣ್ಣ ಉಪಗುಂಪಿನಲ್ಲಿ ಮಾತ್ರ ತುಸು ಲಾಭದ ಸುಳಿವಿತ್ತು. ಅದು ಮತ್ತೊಂದು ಪ್ರಯೋಗದಲ್ಲಿ ದೃಢಪಡುವವರೆಗೆ ಸುಳಿವಾಗಿಯೇ ಉಳಿಯುತ್ತದೆ. ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್, ಪೋರ್ಚುಗಲ್‌ಗಳ 70 ದಾಟಿದ 2,157 ಜನರ ಮೇಲೆ ಮೂರು ವರ್ಷ ನಡೆದ ‘ಡೂ-ಹೆಲ್ತ್’ ಪ್ರಯೋಗವೂ ದಿನಕ್ಕೆ 2,000 ಯೂನಿಟ್ ಕೊಟ್ಟು, ಬುದ್ಧಿಶಕ್ತಿಯಲ್ಲಿ ಲಾಭವಿಲ್ಲವೆಂದು 2020ರಲ್ಲಿ ವರದಿ ಮಾಡಿತು. ಖಿನ್ನತೆಯನ್ನಾದರೂ ತಡೆಯುತ್ತದೆಯೇ ಎಂದು ವೈಟಲ್ ಪ್ರಯೋಗದಲ್ಲೇ 18,353 ಜನರಲ್ಲಿ ನೋಡಿದಾಗ, ಅದನ್ನೂ ತಡೆಯಲಿಲ್ಲ.

ಈ ನಂಬಿಕೆಯ ಪರವಾಗಿ ವಾದಿಸುವವರು ಮುಂದಿಡುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ತೂಕದ್ದು. ಪ್ರಯೋಗಗಳಲ್ಲಿ ಭಾಗವಹಿಸಿದವರಲ್ಲಿ ಬಹುಪಾಲು ಜನರಿಗೆ ಕೊರತೆಯೇ ಇರಲಿಲ್ಲ, ತುಂಬಿದ ಕೊಡಕ್ಕೆ ನೀರು ಸುರಿದು ಪ್ರಯೋಜನವಿಲ್ಲ ಎನ್ನುವುದು ನ್ಯಾಯವಲ್ಲ ಎಂದು ಅವರು ಹೇಳುತ್ತಾರೆ. ವೈಟಲ್ ಪ್ರಯೋಗದ ಮಟ್ಟಿಗೆ ಈ ಮಾತು ಸರಿ. ಆದರೆ ಡೂ-ಹೆಲ್ತ್‌ನಲ್ಲಿ ನೂರಕ್ಕೆ ನಲವತ್ತು ಜನರ ಮಟ್ಟ 20 ನ್ಯಾನೊಗ್ರಾಂಗಿಂತ ಕೆಳಗಿತ್ತು, ಆದರೂ ಫಲಿತಾಂಶ ಬದಲಾಗಲಿಲ್ಲ. 10ಕ್ಕಿಂತ ಕೆಳಗಿರುವ ತೀವ್ರ ಕೊರತೆಯವರಲ್ಲಿ ಮೆದುಳಿಗೆ ಲಾಭವಿದೆಯೇ ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ಅವರಿಗೆ ಮೂಳೆಯ ಕಾರಣಕ್ಕೆ ಚಿಕಿತ್ಸೆ ಹೇಗೂ ಬೇಕು. ಇಲ್ಲಿ ಖಂಡಿಸುತ್ತಿರುವುದು ಆ ಚಿಕಿತ್ಸೆಯನ್ನಲ್ಲ. 18, 22, 27 ಎಂದು ಅಂಕಿ ಬಂದವರಿಗೆಲ್ಲ ಮರೆವಿನ ಭಯ ಹುಟ್ಟಿಸುವುದನ್ನು.

ಎರಡನೆಯ ಆಕ್ಷೇಪ ವಂಶವಾಹಿಗಳ ಅಧ್ಯಯನದಿಂದ ಬಂದದ್ದು. ಹುಟ್ಟಿನಿಂದಲೇ ವಿಟಮಿನ್ ಡಿ ಮಟ್ಟ ಕಡಿಮೆಯಿರುವಂಥ ವಂಶವಾಹಿ ಗುಣವುಳ್ಳವರಲ್ಲಿ ಡಿಮೆನ್ಷಿಯಾ ಹೆಚ್ಚೇ ಎಂದು ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ದಾಖಲೆಗಳಲ್ಲಿ ಹುಡುಕಿ, ತೀವ್ರ ಕೊರತೆಗೆ ಕಾರಣದ ಪಾತ್ರ ಇರಬಹುದೆಂದು 2022ರಲ್ಲಿ ಸಂಶೋಧಕರು ಬರೆದರು. ಆದರೆ ಈ ಬಗೆಯ ವಕ್ರರೇಖೆಯ ಲೆಕ್ಕಾಚಾರಗಳಿಗೆ ಬಳಸುವ ವಿಧಾನಗಳ ಬಗ್ಗೆಯೇ ಆಮೇಲೆ ಗಂಭೀರ ಪ್ರಶ್ನೆಗಳೆದ್ದವು. ಹೃದ್ರೋಗ, ಪಾರ್ಶ್ವವಾಯು, ಮರಣದ ಬಗ್ಗೆ ಇದೇ ಬಗೆಯ ಲೆಕ್ಕದಿಂದ ವಿಟಮಿನ್ ಡಿ ಪರವಾಗಿ ಬಂದಿದ್ದ ದೊಡ್ಡ ಪ್ರಬಂಧವೊಂದನ್ನು ಲ್ಯಾನ್ಸೆಟ್ ಸಮೂಹದ ಪತ್ರಿಕೆ ಹಿಂತೆಗೆದುಕೊಂಡು, ತಿದ್ದಿದ ರೂಪದಲ್ಲಿ 2024ರಲ್ಲಿ ಮರುಪ್ರಕಟಿಸಿತು. ಮೊದಲು ಕಂಡಿದ್ದ ಪರಿಣಾಮ ಅದರಲ್ಲಿ ಉಳಿದಿರಲಿಲ್ಲ. ಮೂರನೆಯದು ಮೆದುಳಿನ ಅಂಗಾಂಶದ ಅಧ್ಯಯನ. ಮರಣಾನಂತರ ದಾನವಾಗಿ ಬಂದ 290 ಮೆದುಳುಗಳನ್ನು ಪರೀಕ್ಷಿಸಿ, ವಿಟಮಿನ್ ಡಿ ಹೆಚ್ಚಿದ್ದವರ ಬುದ್ಧಿಶಕ್ತಿ ಕೊನೆಯ ದಿನಗಳಲ್ಲಿ ಉತ್ತಮವಾಗಿತ್ತೆಂದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ತಿಳಿಸಿತು. ಅಲ್ಝೈಮರ್ ಕಾಯಿಲೆಯ ಗುರುತುಗಳಾದ ಅಮಿಲಾಯ್ಡ್ ಗಡ್ಡೆಗಳಿಗೂ ವಿಟಮಿನ್ ಡಿ ಮಟ್ಟಕ್ಕೂ ಅದೇ ಅಧ್ಯಯನದಲ್ಲಿ ಸಂಬಂಧ ಕಾಣಲಿಲ್ಲ. ಇದೂ ಒಟ್ಟಿಗೆ ಕಂಡ ಎರಡು ಸಂಗತಿಗಳ ಕಥೆಯೇ.

ಇನ್ನು ಆ ‘30’ ಎಂಬ ಗಡಿಯ ವಿಚಾರ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರ ಕೊನೆಯಲ್ಲಿ ಹೊರತಂದ ವರದಿಯ ಪ್ರಕಾರ ಮಿಲಿಲೀಟರಿಗೆ 20 ನ್ಯಾನೊಗ್ರಾಂ ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕು. ಸರಾಸರಿ ವ್ಯಕ್ತಿಗೆ 16 ಸಾಕು. 2011ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿ 30ಕ್ಕಿಂತ ಕೆಳಗಿನದೆಲ್ಲ ಸಾಲದು ಎಂದು ಗಡಿ ಏರಿಸಿತು. ಆ ಒಂದು ನಿರ್ಧಾರದಿಂದ ಜಗತ್ತಿನ ಕೋಟಿಗಟ್ಟಲೆ ಆರೋಗ್ಯವಂತರು ಕೊರತೆಯವರ ಪಟ್ಟಿಗೆ ಸೇರಿದರು. ಎಲ್ಲರಿಗೂ ಸಾಕಾಗುವ ಮೇಲಿನ ಮಟ್ಟವನ್ನು ಕನಿಷ್ಠ ಅಗತ್ಯವೆಂದು ಓದಿದ್ದೇ ಈ ‘ಮಹಾಮಾರಿ’ಯ ಮೂಲ ಎಂದು ವೈಟಲ್ ಪ್ರಯೋಗದ ಮುಖ್ಯಸ್ಥೆ ಜೊಆನ್ ಮ್ಯಾನ್ಸನ್ ಮತ್ತು ಸಂಗಡಿಗರು 2016ರಲ್ಲಿ ವಿವರಿಸಿದರು. 2024ರಲ್ಲಿ ಎಂಡೋಕ್ರೈನ್ ಸೊಸೈಟಿಯೇ ತನ್ನ ಹಳೆಯ ಗಡಿಯನ್ನು ಕೈಬಿಟ್ಟಿತು. ಆರೋಗ್ಯವಂತ ವಯಸ್ಕರಲ್ಲಿ ವಾಡಿಕೆಯಂತೆ ವಿಟಮಿನ್ ಡಿ ಪರೀಕ್ಷೆ ಮಾಡಿಸುವುದು ಬೇಡವೆಂದು ಸಲಹೆ ಕೊಟ್ಟಿತು. 75 ದಾಟಿದವರು ಪರೀಕ್ಷೆಯಿಲ್ಲದೆ ಸಾಧಾರಣ ಪ್ರಮಾಣದಲ್ಲಿ ದಿನವೂ ವಿಟಮಿನ್ ಡಿ ತೆಗೆದುಕೊಳ್ಳಬಹುದೆಂದು ಅದು ಹೇಳಿದೆ, ನಿಜ. ಅದಕ್ಕೆ ಕೊಟ್ಟ ಕಾರಣ ಒಟ್ಟಾರೆ ಮರಣಸಾಧ್ಯತೆ ಇಳಿಯಬಹುದೆಂಬುದು. ಮರೆವು ತಪ್ಪುತ್ತದೆ ಎಂಬುದಲ್ಲ. ಗಡಿ ಹಾಕಿದವರೇ ಅದನ್ನು ಅಳಿಸಿದ ಮೇಲೂ ಬೆಂಗಳೂರಿನ ಲ್ಯಾಬ್ ವರದಿಗಳಲ್ಲಿ 30 ಎಂಬ ಅಂಕಿ ಅಚ್ಚಾಗುತ್ತಲೇ ಇದೆ, ‘ಲೋ’ ಎಂಬ ಗುರುತು ಬೀಳುತ್ತಲೇ ಇದೆ.

ಭಾರತೀಯರಲ್ಲಿ ವಿಟಮಿನ್ ಡಿ ಮಟ್ಟ ಕಡಿಮೆಯಿರುವುದು ಸತ್ಯ. ಹೆಚ್ಚಿನ ಸಮೀಕ್ಷೆಗಳಲ್ಲಿ ಅರ್ಧಕ್ಕೂ ಮಿಕ್ಕಿದ ಜನ 20ರ ಕೆಳಗಿರುತ್ತಾರೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷವಿಡೀ ಇಲ್ಲಿ ಬೇಕಾದಷ್ಟು ಅತಿನೇರಳೆ-ಬಿ ಕಿರಣ ನೆಲ ಮುಟ್ಟುತ್ತದೆ. ಆದರೂ ಕೊರತೆ ಏಕೆ? ಎಳೆಬಿಸಿಲಿನಲ್ಲಿ ಈ ಕಿರಣ ತೀರ ಕಡಿಮೆ. ತಿರುಪತಿಯಲ್ಲಿ ನಡೆದ ಅಳತೆಗಳ ಪ್ರಕಾರ ಬೆಳಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲಿನಲ್ಲೇ ಚರ್ಮ ಹೆಚ್ಚು ವಿಟಮಿನ್ ತಯಾರಿಸುವುದು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ, ಆದ್ದರಿಂದ ಫ್ಲಾಟಿನೊಳಗೆ ಗಾಜಿನ ಹಿಂದೆ ಬಿಸಿಲಿಗೆ ಕೂತರೆ ಉಪಯೋಗವಿಲ್ಲ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ವಯಸ್ಸಾದ ಚರ್ಮ ಯೌವನದ ಅರ್ಧದಷ್ಟನ್ನೂ ತಯಾರಿಸಲಾರದು. ಎಲ್ಲಕ್ಕಿಂತ ಹೆಚ್ಚಾಗಿ, ಹಳೆಯ ವಿಮಾನ ನಿಲ್ದಾಣ ರಸ್ತೆ, ಒಳವರ್ತುಲ ರಸ್ತೆಗಳ ವಾಹನಗಳ ನಡುವೆ, ಒಡೆದ ಕಲ್ಲುಚಪ್ಪಡಿಯ ಫುಟ್‌ಪಾತಿನ ಮೇಲೆ ಎಪ್ಪತ್ತೈದರ ಒಬ್ಬರು ನಡೆದುಹೋಗುವುದು ಕಷ್ಟ. ಅವರು ಮನೆಯೊಳಗೇ ಉಳಿಯುತ್ತಾರೆ. ರಕ್ತದಲ್ಲಿ ಇಳಿದ ಅಂಕಿ ಈ ಬದುಕಿನ ಲಕ್ಷಣ. ನರೆತ ಕೂದಲಿಗೆ ಬಣ್ಣ ಹಚ್ಚಿದರೆ ವಯಸ್ಸು ಇಳಿಯದು. ಪುಡಿ ನುಂಗಿ ಅಂಕಿಯೊಂದನ್ನು ಏರಿಸಿದರೆ ಆ ಬದುಕು ಬದಲಾಗದು.

ಹೇಗಿದ್ದರೂ ಹಾನಿಯಿಲ್ಲವಲ್ಲ, ತೆಗೆದುಕೊಂಡರೆ ಏನಾಯಿತು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಈ ಮಾತೇ ಅತ್ಯಂತ ಅಪಾಯಕಾರಿ. ವಯಸ್ಸಾದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಬೀಳುವುದು ಶೇಕಡಾ 15ರಷ್ಟು, ಮೂಳೆ ಮುರಿತ ಶೇಕಡಾ 26ರಷ್ಟು ಹೆಚ್ಚಾಯಿತು. ಅದು 2010ರಲ್ಲಿ ಪ್ರಕಟವಾಯಿತು. ಹಿಂದೆ ಬಿದ್ದಿದ್ದ 200 ಹಿರಿಯರಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಂದು ವರ್ಷ ಬೇರೆಬೇರೆ ಡೋಸ್ ಕೊಟ್ಟಾಗ, ತಿಂಗಳಿಗೆ 24,000 ಯೂನಿಟ್ ಪಡೆದವರಲ್ಲಿ ನೂರಕ್ಕೆ 48 ಮಂದಿ ಬಿದ್ದರೆ, 60,000 ಪಡೆದವರಲ್ಲಿ ನೂರಕ್ಕೆ 67 ಮಂದಿ ಬಿದ್ದರು. ಅಲ್ಲಿ ತಿಂಗಳಿಗೊಮ್ಮೆ ಕೊಟ್ಟ ಪ್ರಮಾಣ ಇಲ್ಲಿ ವಾರಕ್ಕೊಮ್ಮೆ ಹೊಟ್ಟೆ ಸೇರುತ್ತಿದೆ. ವಯಸ್ಸಾದವರಿಗೆ ಒಂದು ಬೀಳುವಿಕೆ ಎಂದರೆ ಸೊಂಟದ ಮೂಳೆ ಮುರಿತ, ತಲೆಬುರುಡೆಯೊಳಗೆ ರಕ್ತಸ್ರಾವ, ತಿಂಗಳುಗಟ್ಟಲೆ ಹಾಸಿಗೆ. ಮೆದುಳನ್ನು ಕಾಪಾಡಲೆಂದು ಕೊಟ್ಟ ಮದ್ದೇ ತಲೆಗೆ ಪೆಟ್ಟು ತರುವ ಸಾಧ್ಯತೆಯನ್ನು ಹಗುರವಾಗಿ ಕಾಣಬಾರದು.

ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ದೇಹದಲ್ಲಿ ಸಂಗ್ರಹವಾಗುತ್ತದೆ. ಎಂಟು ವಾರಕ್ಕೆಂದು ಬರೆದುಕೊಟ್ಟ ಪುಡಿಯನ್ನು ಅದೇ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ತರುವುದು, ವಾರದ್ದನ್ನು ದಿನವೂ ನುಂಗುವುದು, ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಸೇರುವುದು ಆಗಾಗ ನಡೆಯುವ ತಪ್ಪುಗಳು. ಹೀಗಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ಬಾಯಾರಿಕೆ, ಮಲಬದ್ಧತೆ, ವಾಂತಿ, ಸುಸ್ತು, ಮೂತ್ರಪಿಂಡಕ್ಕೆ ಪೆಟ್ಟು. ಅದರ ಇನ್ನೊಂದು ಲಕ್ಷಣ ಗೊಂದಲ, ಮಂಕು, ಮರೆವು. ವಿಟಮಿನ್ ಡಿ ಅತಿಯಾಗಿ ಸೇವಿಸಿ ಇಂಥ ಸ್ಥಿತಿಗೆ ಬಂದ ರೋಗಿಗಳ ಬಗ್ಗೆ ಕಾಶ್ಮೀರದ ವೈದ್ಯರು 2011ರಲ್ಲೇ ಬರೆದಿದ್ದಾರೆ. ಮರೆವಿಗೆಂದು ಡೋಸ್ ಏರಿಸಿದಷ್ಟೂ ಮರೆವು ಹೆಚ್ಚುವ ಸುಳಿಯಲ್ಲಿ ಕುಟುಂಬವೊಂದು ಸಿಲುಕಿಕೊಳ್ಳಬಹುದು.

ಆದರೆ ಅತಿದೊಡ್ಡ ನಷ್ಟ ಮಾತ್ರೆಯಿಂದಾಗುವುದಲ್ಲ, ಮಾತ್ರೆ ಕೊಡುವ ಸಮಾಧಾನದಿಂದಾಗುವುದು. ‘ವಿಟಮಿನ್ ಡಿ ಕಡಿಮೆ ಇದೆಯಂತೆ, ಅದಕ್ಕೇ ಹೀಗೆ’ ಎಂದು ಮನೆಯವರು ನಿಂತುಬಿಟ್ಟರೆ ನಿಜವಾದ ಕಾರಣದ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಹಿರಿಯರ ಮರೆವಿನ ಹಿಂದೆ ಚಿಕಿತ್ಸೆಗೆ ಬಗ್ಗುವ ಕಾರಣಗಳು ಅನೇಕ ಇರುತ್ತವೆ. ವಿಟಮಿನ್ ಬಿ12 ಕೊರತೆ ಅವುಗಳಲ್ಲಿ ಒಂದು; ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಆಸಿಡಿಟಿ ಮಾತ್ರೆಯನ್ನು ದಿನಾ ನುಂಗುವವರಲ್ಲಿ ಇದು ಹೆಚ್ಚು. ಥೈರಾಯ್ಡ್ ಮಂದವಾಗಿದ್ದರೆ ಯೋಚನೆಯೂ ಮಂದವಾಗುತ್ತದೆ. ರಕ್ತದಲ್ಲಿ ಸೋಡಿಯಂ ಇಳಿದರೆ ಗೊಂದಲವಾಗುತ್ತದೆ. ನಿದ್ರೆಮಾತ್ರೆ, ಅಲರ್ಜಿಯ ಕೆಲವು ಹಳೆಯ ಮಾತ್ರೆ, ಮೂತ್ರ ತಡೆಯಲಾಗದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ನೆನಪನ್ನು ಕೆಡಿಸುತ್ತವೆ. ಸಂಗಾತಿ ತೀರಿಕೊಂಡ ಮೇಲಿನ ಖಿನ್ನತೆ ಮರೆವಿನ ವೇಷದಲ್ಲಿ ಬರುತ್ತದೆ. ವಾರಗಳ ಹಿಂದೆ ಬಿದ್ದದ್ದನ್ನು ಎಲ್ಲರೂ ಮರೆತಿರುವಾಗ, ತಲೆಬುರುಡೆಯೊಳಗೆ ನಿಧಾನಕ್ಕೆ ಸೇರಿದ ರಕ್ತ ಮೆದುಳನ್ನು ಒತ್ತುತ್ತಿರುತ್ತದೆ. ಇವುಗಳಲ್ಲಿ ಕೆಲವು ಬೇಗ ಪತ್ತೆಯಾದರೆ ಪೂರ್ತಿ ವಾಸಿಯಾಗುತ್ತವೆ, ತಡವಾದರೆ ಆಗುವುದಿಲ್ಲ.

ಡಿಮೆನ್ಷಿಯಾವನ್ನು ತಡೆಯುವ ದಾರಿಗಳ ಬಗ್ಗೆಯೂ ಜ್ಞಾನವಿಲ್ಲದೆ ಇಲ್ಲ. ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರ ವರದಿಯಲ್ಲಿ ಬದಲಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಕಡಿಮೆ ವಿದ್ಯಾಭ್ಯಾಸ, ಕಿವುಡು, ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಪೆಟ್ಟು, ವ್ಯಾಯಾಮವಿಲ್ಲದಿರುವುದು, ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದೊತ್ತಡ, ಬೊಜ್ಜು, ಅತಿಯಾದ ಮದ್ಯ, ಒಂಟಿತನ, ವಾಯುಮಾಲಿನ್ಯ, ದೃಷ್ಟಿದೋಷ ಇವೇ ಆ ಹದಿನಾಲ್ಕು. ವಿಟಮಿನ್ ಡಿ ಈ ಪಟ್ಟಿಯಲ್ಲಿಲ್ಲ.

ಪಟ್ಟಿಯಲ್ಲಿರುವ ಕೆಲವಕ್ಕೆ ಪ್ರಯೋಗದ ಬೆಂಬಲವೂ ಇದೆ. ರಕ್ತದೊತ್ತಡದ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಳಿಸುವ ಗುರಿಯಿಟ್ಟು 9,361 ಜನರಲ್ಲಿ ನಡೆದ ಅಮೆರಿಕದ ‘ಸ್ಪ್ರಿಂಟ್’ ಪ್ರಯೋಗದಲ್ಲಿ, ಡಿಮೆನ್ಷಿಯಾದ ಮುಂಚಿನ ಹಂತವಾದ ಬುದ್ಧಿಶಕ್ತಿಯ ಸೌಮ್ಯ ಕುಸಿತ ಶೇಕಡಾ 19ರಷ್ಟು ತಗ್ಗಿತು. ಕಿವಿಯಂತ್ರದ ಪ್ರಯೋಗವೊಂದು 977 ಹಿರಿಯರಲ್ಲಿ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾಯಿತು. ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣದಿದ್ದರೂ, ಮೊದಲೇ ಹೆಚ್ಚು ಅಪಾಯವಿದ್ದವರಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ಇವೂ ಪವಾಡಗಳಲ್ಲ. ಆದರೆ ವಿಟಮಿನ್ ಡಿ ಇಷ್ಟನ್ನೂ ತೋರಿಸಿಲ್ಲ. ಹಾಗಿದ್ದೂ ಬಿಪಿ ಮಾತ್ರೆಯನ್ನು ‘ಅಭ್ಯಾಸವಾಗಿಬಿಡುತ್ತದೆ’ ಎಂದು ನಿಲ್ಲಿಸುವ, ಕಿವಿಯಂತ್ರ ಹಾಕಿಕೊಳ್ಳಲು ನಾಚುವ ಮನೆಯಲ್ಲೇ ಭಾನುವಾರದ ವಿಟಮಿನ್ ಪುಡಿ ಮಾತ್ರ ತಪ್ಪುವುದಿಲ್ಲ. ಆದ್ಯತೆ ತಲೆಕೆಳಗಾಗಿದೆ.

ಇದು ಸಣ್ಣ ವಿಷಯವಲ್ಲ. ದೇಶವ್ಯಾಪಿ ಸಮೀಕ್ಷೆಯೊಂದರ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಎಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಅದನ್ನು ಅರಿಯುವ ಗಂಭೀರ ಕೆಲಸ ಕರ್ನಾಟಕದಲ್ಲೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರನ್ನು, ಬೆಂಗಳೂರಿನಲ್ಲಿ ನಗರವಾಸಿಗಳನ್ನು ವರ್ಷಾನುಗಟ್ಟಲೆ ಅನುಸರಿಸುವ ಅಧ್ಯಯನ ಕೈಗೊಂಡಿದೆ. ಶ್ರೀನಿವಾಸಪುರದ ಗುರಿಯೇ ಹತ್ತು ಸಾವಿರ ಜನ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಹೆಸರಿನಲ್ಲಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆದಿದೆ. ದೊಮ್ಮಲೂರಿನ ಸುತ್ತಲ ಹಿರಿಯರಿಗೆ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲದೆ ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಯೂ ಹತ್ತಿರದಲ್ಲಿದೆ. ಡಿಮೆನ್ಷಿಯಾ ಇರುವವರ ಆರೈಕೆಗೆ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನ ಕೇಂದ್ರವಿದೆ. ಮರೆವು ಕಾಣಿಸಿಕೊಂಡಾಗ ಹೋಗಬೇಕಾದ ದಾರಿ ಇಂಥ ಕಡೆಗೆ.

ವಿಟಮಿನ್ ಡಿ ಯಾರಿಗೂ ಬೇಡವೆಂದು ಇದರರ್ಥವಲ್ಲ. ಹಾಸಿಗೆ ಹಿಡಿದವರು, ವರ್ಷಗಟ್ಟಲೆ ಮನೆಯಿಂದ ಹೊರಬರದವರು, ಮೂಳೆ ಸವೆತಕ್ಕೆ ಔಷಧಿ ಪಡೆಯುವವರು, ಅಪಸ್ಮಾರದ ಕೆಲವು ಮಾತ್ರೆ ತೆಗೆದುಕೊಳ್ಳುವವರು, ಕರುಳಿನಲ್ಲಿ ಆಹಾರ ಹೀರಿಕೆ ಸರಿಯಿಲ್ಲದವರು, ಯಕೃತ್ತು ಅಥವಾ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯಿರುವವರು ವೈದ್ಯರ ನಿಗಾದಲ್ಲಿ ಅದನ್ನು ತೆಗೆದುಕೊಳ್ಳಲೇಬೇಕು. ಉಳಿದ ಹಿರಿಯರಿಗೆ ದಿನಕ್ಕೆ 600ರಿಂದ 800 ಯೂನಿಟ್ ಸಾಕು. 4,000 ಯೂನಿಟ್ ಮೇಲ್ಮಿತಿ. ಇದು ಮೂಳೆಯ ಹಿತಕ್ಕೆ. ಮೆದುಳಿನ ಹೆಸರಿನಲ್ಲಿ ಇದನ್ನು ಮಾರಬಾರದು, ಬರೆದುಕೊಡಬಾರದು, ಕೇಳಿ ಪಡೆಯಲೂಬಾರದು.

ಮನೆಯ ಹಿರಿಯರೊಬ್ಬರು ಹೆಸರು ಮರೆಯತೊಡಗಿದರೆ, ಒಲೆ ಆರಿಸುವುದನ್ನು ಬಿಟ್ಟರೆ, ಗೊತ್ತಿದ್ದ ಬೀದಿಯಲ್ಲೇ ದಾರಿ ತಪ್ಪಿದರೆ, ಮೊದಲು ಅವರ ಬಿಪಿ, ಶುಗರ್, ಬಿ12, ಥೈರಾಯ್ಡ್, ಸೋಡಿಯಂ ನೋಡಿಸಿ. ಕಿವಿ ಕಣ್ಣು ಪರೀಕ್ಷಿಸಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಇತ್ತೀಚೆಗೆ ಬಿದ್ದಿದ್ದರೇ ಎಂದು ಕೇಳಿ. ಅವರೊಂದಿಗೆ ಮಾತನಾಡಿ, ಕೈಹಿಡಿದು ಹೊರಗೆ ನಡೆಸಿ. ಇವೆಲ್ಲ ಆಗುವವರೆಗೆ ವಿಟಮಿನ್ ಡಿ ಅಂಕಿಯನ್ನು ಮರೆವಿನ ಕಾರಣವೆಂದು ಯಾರೂ ಒಪ್ಪಿಕೊಳ್ಳಬೇಡಿ.